ಹೆಬ್ಬಾತಿನ ಹೊಟ್ಟೆ

ಕೂದಲು ಸುಟ್ಟ ವಾಸನೆ ಬಂದರೆ ಈಗಲೂ ನಾನು ಊಟ ಬಿಟ್ಟು ಏಳುತ್ತೇನೆ.

ಅಪ್ಪ ಮಾದಾಪುರದಲ್ಲಿ ಗಾಜಿನ ಆಫೀಸು ಕಟ್ಟುವ ಕೆಲಸಕ್ಕಿದ್ದಾಗ ನಮ್ಮ ಜೋಪಡಿ ಕೆರೆಯ ದಂಡೆಯಲ್ಲಿತ್ತು. ಚಳಿಗಾಲಕ್ಕೆ ಹೆಬ್ಬಾತುಗಳು ಬಂದು ಅಲ್ಲಿನ ಹುಲ್ಲು ಮೇಯುತ್ತಿದ್ದವು. ಒಂದು ಮಧ್ಯಾಹ್ನ ಅಪ್ಪ ಸತ್ತದ್ದೊಂದನ್ನು ಕಾಲು ಹಿಡಿದು ತಂದ. ಬೂದು ಮೈ, ಕಿತ್ತಳೆ ಕಾಲು, ಬಿಳಿ ತಲೆಯ ಹಿಂದೆ ಎರಡು ಕರಿಪಟ್ಟೆ. ಕೊಕ್ಕಿನಿಂದ ಕಪ್ಪು ಲೋಳೆ ಇಳಿಯುತ್ತಿತ್ತು.

ಅವ್ವ ಪುಕ್ಕ ಕಿತ್ತು, ಮೈಗಂಟಿ ಉಳಿದ ಸಣ್ಣ ಪುಕ್ಕಗಳನ್ನು ಕೂದಲು ಸುಟ್ಟಂತೆ ನಾರುವ ಹಾಗೆ ಬೆಂಕಿಗೆ ಹಿಡಿದು ಸುಟ್ಟು, ಹೊಟ್ಟೆ ಸೀಳಿದಳು. ಒಳಗೆ ಹುಲ್ಲಿರಲಿಲ್ಲ. ಥರ್ಮೋಕೋಲಿನ ಕಾಳು, ಸಿಮೆಂಟ್ ಚೀಲದ ಎಳೆ, ಡೀಸೆಲ್ ನಾತ.

“ಇದನ್ನ ಹ್ಯಾಂಗ ತಿನ್ನೂದ್ರಿ?” ಎಂದಳು ಅವ್ವ.

“ಅದ ಕೆರಿ ನೀರಾಗ ದಿನಾ ಅನ್ನ ಕುದಸ್ತಿಯಲ್ಲ, ಇದಕ್ಕೇನಾಗೈತಿ?” ಎಂದ ಅಪ್ಪ.

ಅವ್ವ ಕೆರೆಯಿಂದ ಒಂದು ಕೊಡ ನೀರು ತಂದು ಮಾಂಸ ತೊಳೆಯತೊಡಗಿದಳು.