ದುರ್ಗವ್ವನ ಹೆಗಲ ಮೇಲೆ ಎರಡು ಹೂ

ಪೂಜಾರಿ ಎರಡು ಬಿಳಿ ಸೇವಂತಿಗೆಗಳನ್ನು ನೀರಲ್ಲಿ ಅದ್ದಿ ದುರ್ಗವ್ವನ ಎರಡೂ ಹೆಗಲಿಗೆ ಅಂಟಿಸಿದ. ದೇವಿಯ ಬಲಹೆಗಲಿನದು ಬಿದ್ದರೆ ಹುಡುಗಿಯರ ಹಾಕಿ ತಂಡಕ್ಕೆ ಕಸ್ತೂರೆಮ್ಮ ಮುಖ್ಯ ಕೋಚ್. ಎಡಹೆಗಲಿನದು ಬಿದ್ದರೆ ಬರಲು ಹೈದರಾಬಾದಿನಲ್ಲಿ ತುದಿಗಾಲ ಮೇಲೆ ನಿಂತಿರುವ ಒಬ್ಬ ಹೆಸರುವಾಸಿ ಕೋಚ್. ತಂಡದ ಮಾಲೀಕ ಅಮರಪ್ಪ ಸಾಹುಕಾರ ಕೈಮುಗಿದು, "ನೀ ಹೆಂಗ ಹೇಳ್ತಿ ಹಂಗವ್ವ," ಎಂದು ಕಂಬಕ್ಕೆ ಒರಗಿ ಕೂತ.

ನಗಬೇಡಿ. ಗಂಗಾವತಿಯಲ್ಲಿ ಅಕ್ಕಿ ಗಿರಣಿ ಹಾಕಿದ್ದು, ಬೋರು ಕೊರೆಸಿದ್ದು, ಮಗಳ ಸಂಬಂಧ ಕುದುರಿಸಿದ್ದು, ಎಲ್ಲವನ್ನೂ ಹೂ ಕೇಳಿಯೇ ಮಾಡಿದ ಮನುಷ್ಯ ಅವನು. ಸಂಬಳ ಕೊಟ್ಟು ಲೀಗಿನಲ್ಲಿ ಆಡಿಸುತ್ತಿದ್ದ ಅವನ ಹುಡುಗಿಯರ ತಂಡ ಸಾಲಾಗಿ ಒಂಬತ್ತು ಪಂದ್ಯ ಸೋತಿತ್ತು. ಹಳೆಯ ಕೋಚ್ ಹೇಳದೆ ಕೇಳದೆ ಹೋಗಿಬಿಟ್ಟ. ತಂಡದ ಕಮಿಟಿಯವರು ಮೂರು ಸಲ ಕೂತು ಮೂರು ಸಲವೂ ಜಗಳಾಡಿ ಎದ್ದ ಮೇಲೆ, ಸಾಹುಕಾರ ಇಡೀ ತಂಡವನ್ನು ಮಿನಿ ಬಸ್ಸಿಗೆ ಹತ್ತಿಸಿಕೊಂಡು ಹೇಮಗುಡ್ಡದ ಆಚೆಯ ಈ ಸಣ್ಣ ಗುಡಿಗೆ ಬಂದಿದ್ದ. ಹೂ ಕೇಳಿದವರಿಗೆ ಇಲ್ಲಿ ಒಂದೇ ಕಟ್ಟಳೆ. ಹೂ ಬೀಳುವ ತನಕ ಮನೆಗೆ ಹೋಗುವಂತಿಲ್ಲ, ಉಣ್ಣುವಂತಿಲ್ಲ, ಹೂವಿಗೆ ಕೈ ಸೋಕಿಸುವಂತಿಲ್ಲ.

ಕಸ್ತೂರೆಮ್ಮನಿಗೆ ಈ ಕೆಲಸ ಬೇಕಿತ್ತು. ಬಾಯಿಬಿಟ್ಟು ಕೇಳಲು ನಾಚಿಕೆಯಾಗುವಷ್ಟು ಬೇಕಿತ್ತು. ಇರಕಲ್ಲಗಡದ ಈ ಹೆಂಗಸು ಒಂದು ಕಾಲಕ್ಕೆ ಗಟ್ಟಿ ಗೋಲ್‌ಕೀಪರ್, ಈಗ ಆರು ವರ್ಷದಿಂದ ಸಹಾಯಕ ಕೋಚ್. ಬಂದ ಕೋಚುಗಳಿಗೆಲ್ಲ ಚೆಂಡು ಹೆಕ್ಕಿಕೊಟ್ಟವಳು. ಯಾರ ಮೊಣಕಾಲು ಯಾವಾಗ ನೋಯುತ್ತದೆ, ಯಾರು ಮನೆಗೆ ಫೋನ್ ಮಾಡಿ ಅತ್ತು ಬಂದಿದ್ದಾರೆ, ಎಲ್ಲ ಬಲ್ಲಳು. ಹುಡುಗಿಯರು ಸಾಲಿಯ ಟೀಚರನ್ನು ಕರೆದ ಹಾಗೆ ಅವಳನ್ನು ಅಕ್ಕಾರು ಅನ್ನುತ್ತಿದ್ದರು. ಆದರೆ ಒಬ್ಬಳು ಚೆಂಡು ಹಿಡಿದರೆ ಉಳಿದ ಹತ್ತು ಮಂದಿ ಹತ್ತು ದಿಕ್ಕು. ಅದೊಂದನ್ನು ಯಾವ ಕೋಚಿಗೂ ಸರಿಮಾಡಲಾಗಿರಲಿಲ್ಲ, ಅವಳಿಗೂ ಆಗಿರಲಿಲ್ಲ.

ಹೊತ್ತು ನೆತ್ತಿಗೆ ಬಂತು. ಹೂ ಅಲುಗಲಿಲ್ಲ. ಎಮ್ಮೆಗೆ ನೀರು ಕುಡಿಸಿ ಬರುತ್ತೇನೆಂದು ಪೂಜಾರಿ ಎದ್ದು ಹೋದ. ಬಂಡೆಯ ಕಾವು, ಬೇವಿನ ಗಾಳಿ, ಎಲ್ಲೋ ಕಾಲುವೆಯಲ್ಲಿ ನೀರು ಹರಿಯುವ ಸದ್ದು, ಅದರ ಮೇಲೆ ಅಮರಪ್ಪನ ಗೊರಕೆ. ಹನ್ನೊಂದು ಹುಡುಗಿಯರೂ ಕಟ್ಟೆಯ ನೆರಳಲ್ಲಿ ಸಾಲಾಗಿ ಅಡ್ಡಾದರು. ಹೊಸ್ತಿಲ ಬಳಿ ಕೂತಿದ್ದ ಕಸ್ತೂರೆಮ್ಮನ ಕಣ್ಣುಗಳೂ ಎಳೆದವು.

ಕನಸಿನಲ್ಲಿ ಅದೇ ಚೆಂಡು. ಹತ್ತೊಂಬತ್ತು ವರ್ಷದ ಹಿಂದೆ ಒಂದು ಫೈನಲ್ಲಿನಲ್ಲಿ ಆ ಬಿಳಿ ಚೆಂಡು ಅವಳ ಪ್ಯಾಡಿನ ಕೆಳಗೆ ನುಸುಳಿ ಗೋಲಿನ ಗೆರೆ ದಾಟಿತ್ತು. ದಾಟಿದ್ದು ಒಂದು ಬೆರಳಿನಷ್ಟು ಮಾತ್ರ. ಅವಳು ಕಾಲಿನಿಂದ ಈಚೆಗೆ ಎಳೆದುಕೊಂಡಳು. ಅಂಪೈರ್ ನೋಡಲಿಲ್ಲ, ಅವಳು ಹೇಳಲಿಲ್ಲ, ತಂಡ ಗೆದ್ದಿತು. ಅಂದಿನಿಂದ ಆ ಚೆಂಡು ಅವಳ ನಿದ್ದೆಗೆ ಬರುವುದನ್ನು ಬಿಟ್ಟಿರಲಿಲ್ಲ. ಇವತ್ತು ಮೈದಾನವೆಲ್ಲ ಭತ್ತದ ಗದ್ದೆಯಾಗಿತ್ತು. ಹುಡುಗಿಯರು ಮೊಣಕಾಲುದ್ದ ನೀರಿನಲ್ಲಿ ಸದ್ದೇ ಇಲ್ಲದೆ ಓಡುತ್ತಿದ್ದರು, ಚೆಂಡು ಮುಳುಗದೆ ನೀರ ಮೇಲೆ ಉರುಳುತ್ತ ಬಂತು. ಅವಳ ಕಾಲ ಬಳಿ ನಿಂತಿತು. ನಿಂತು, ಮೆಲ್ಲಗೆ ದಳ ಬಿಚ್ಚಿತು.

ಕಣ್ಣು ಬಿಟ್ಟಳು. ಸೇವಂತಿಗೆ ಬಿದ್ದಿತ್ತು, ದೇವಿಯ ಎಡಪಾದದ ಹತ್ತಿರ. ಬಲಹೆಗಲಿನ ಹೂ ಇನ್ನೂ ಅಂಟಿಕೊಂಡೇ ಇತ್ತು. ಗುಡಿ ಎಷ್ಟು ಸಣ್ಣದೆಂದರೆ ಹೊಸ್ತಿಲಿಂದ ಕೈಚಾಚಿದರೆ ಮೂರ್ತಿ ಸಿಗುತ್ತಿತ್ತು. ಬಿದ್ದದ್ದನ್ನು ಒದ್ದೆ ಮಾಡಿ ಮೇಲೇರಿಸಿ, ಬಲಗಡೆಯದನ್ನು ತುಸು ಕದಲಿಸಿದರೆ ಮುಗಿಯಿತು. ಎಲ್ಲರೂ ಮಲಗಿದ್ದಾರಲ್ಲ ಎಂದು ತಿರುಗಿ ನೋಡಿದಳು.

ಮಲಗಿದ್ದರೇ? ಸೀಸನ್ನುದ್ದಕ್ಕೂ ಬಸ್ಸಿನಲ್ಲಿ ಪಕ್ಕದಲ್ಲೇ ಕೂತು ಬಂದವಳಿಗೆ ಇವರ ನಿದ್ದೆ ಗೊತ್ತಿಲ್ಲವೇ? ಮಲ್ಲೇಶ್ವರಿ ಬಾಯಿ ತೆರೆಯದೆ ಮಲಗಿದ ದಿನವೇ ಇಲ್ಲ; ಇವತ್ತು ತುಟಿ ಬಿಗಿದುಕೊಂಡಿದ್ದಾಳೆ. ನಿದ್ದೆಯಲ್ಲಿ ಕಾಲು ಝಾಡಿಸುವ ಕ್ಯಾಪ್ಟನ್ ರೇಣುಕಾ ಕೊರಡಿನಂತೆ ಬಿದ್ದಿದ್ದಾಳೆ. ಹನ್ನೊಂದು ಮಂದಿಯ ರೆಪ್ಪೆಗಳೂ ಒತ್ತಿ ಒತ್ತಿ ಮುಚ್ಚಿವೆ.

"ರೇಣುಕಾ," ಎಂದಳು ಕಸ್ತೂರೆಮ್ಮ ಪಿಸುದನಿಯಲ್ಲಿ.

"ನಾವು ಮಲಗೀವ್ರಿ ಅಕ್ಕಾರ," ಎಂದಳು ರೇಣುಕಾ, ಕಣ್ಣು ತೆರೆಯದೆಯೇ. "ಎಲ್ಲಾರೂ."

ಕಸ್ತೂರೆಮ್ಮನಿಗೆ ಅಳು ಬಂತು, ನಗುವೂ ಬಂತು. ಎಲಾ ಇವರ! ಒಂಬತ್ತು ಪಂದ್ಯದಲ್ಲಿ ಒಂದು ಸಲವೂ ಒಂದಾಗದವರು ಇವತ್ತು ಅವಳಿಗಾಗಿ ಒಂದಾಗಿದ್ದರು. ಇಂಥ ತಂಡವನ್ನು ಎದ್ದು ಇನ್ನೊಬ್ಬರ ಕೈಗೆ ಕೊಡುವುದೇ? ಅವಳ ಕೈ ಹೊಸ್ತಿಲು ದಾಟಿತು. ಬೆರಳಿನ ತುದಿಯಲ್ಲಿ ಹೂವು ಬೆಳ್ಳಗೆ, ದುಂಡಗೆ ಕಂಡಿತು. ಒಂದೇ ಚೆಂಡಿನ ಜೊತೆ ಹತ್ತೊಂಬತ್ತು ವರ್ಷ ಮಲಗಿದ್ದು ಸಾಕಾಗಿತ್ತು ಅವಳಿಗೆ. ಕೈ ಹಿಂದಕ್ಕೆ ತೆಗೆದುಕೊಂಡು ಎದ್ದಳು.

"ಸಾಹುಕಾರ್ರ, ಏಳ್ರಿ. ಎಡಗಡಿ ಹೂ ಬಿದ್ದೈತಿ."

ಅಮರಪ್ಪ ಗಡಬಡಿಸಿ ಎದ್ದು ಕೂತ. ಹೂವನ್ನು ನೋಡಿದ, ಅವಳ ಮುಖ ನೋಡಿದ. "ಬಿದ್ದದ್ದು ಯಾರ್ಯಾರು ನೋಡ್ಯಾರ?" ಎಂದು ಕೇಳಿದ.

"ನಾ ಒಬ್ಬಾಕೀನ್ರಿ. ಹುಡುಗ್ಯಾರು ಮಲಗ್ಯಾರ."

ಹಾಗಾದರೆ ಎಬ್ಬಿಸಿ, ಹೊರಡೋಣ ಎಂದ ಸಾಹುಕಾರ. ಅವಳು ಹೆಸರು ಹಿಡಿದು ಒಬ್ಬೊಬ್ಬರನ್ನೇ ಕೂಗಿದಳು. ಹನ್ನೊಂದು ಮಂದಿಯಲ್ಲಿ ಒಬ್ಬಳೂ ಕಣ್ಣು ತೆರೆಯಲಿಲ್ಲ.