ಕಸ್ತೂರೆಮ್ಮ ಹೋದ ಹಾದಿ

ಮೂರನೆಯ ಮಗುವೂ ಕುಂಟುತ್ತಿದೆ ಎಂಬ ಫೋನು ಬಂದಾಗ ಕಸ್ತೂರೆಮ್ಮ ಲಿಂಗಸುಗೂರು ಬಸ್ಸಿನಲ್ಲಿದ್ದಳು. ಬಸ್ಸು ಎಷ್ಟು ತುಂಬಿತ್ತೆಂದರೆ, ಒಂದು ಸೊಳ್ಳೆ ಹತ್ತಬೇಕಾದರೆ ಇನ್ನೊಂದು ಇಳಿಯಬೇಕಿತ್ತು. ಆದರೂ ಕಂಡಕ್ಟರ್ ಮುಂದಿನ ಸೀಟಿನ ಪೈಲ್ವಾನನಂಥ ಆಳನ್ನು ಎಬ್ಬಿಸಿ ಅವಳನ್ನು ಕೂರಿಸಿದ್ದ. ದಿನವೂ ಹಾಗೆಯೇ. ಮೂರು ತಾಲೂಕಿನಲ್ಲಿ ಅವಳ ದರ್ಬಾರು ಅಂಥದ್ದು. ತಹಶೀಲ್ದಾರರು ಕೂತಿದ್ದರೂ ಏಳಬೇಕಿತ್ತು.

ದರ್ಬಾರಿನ ಕೆಲಸ ಇಷ್ಟೇ. ಸಿಂಧನೂರು, ಮಸ್ಕಿ, ಲಿಂಗಸುಗೂರು ಸೀಮೆಗೆ ಭತ್ತದ ನಾಟಿಗೆ, ಇಟ್ಟಿಗೆ ಭಟ್ಟಿಗೆ, ಕಬ್ಬು ಕಡಿಯಲಿಕ್ಕೆ ಗುಳೆ ಬಂದವರ ಗುಡಿಸಲು ಹುಡುಕುವುದು. ಚಿಕ್ಕ ಮಕ್ಕಳ ಬಾಯಿಗೆ ಪೋಲಿಯೋ ಹನಿ ಹಾಕುವುದು. ಯಾವ ಮಗುವಿನ ಕೈಕಾಲು ಸೋತರೂ ಪತ್ತೆ ಹಚ್ಚಿ, ಅದರ ಮಲದ ಮಾದರಿಯನ್ನು ಲ್ಯಾಬಿಗೆ ಕಳಿಸುವುದು. ಹದಿನೆಂಟು ವರ್ಷ ನಡೆದ ದಾರಿಯನ್ನು ನೆಟ್ಟಗೆ ಹಾಸಿದರೆ ದಿಲ್ಲಿಗೆ ಹೋಗಿ, ಚಹಾ ಕುಡಿದು, ಬೇರೆ ದಾರಿಯಿಂದ ವಾಪಸು ಬರಬಹುದಿತ್ತು. ಈ ಸೀಮೆಯ ಎರೆಮಣ್ಣು ಎರಡು ತಿಂಗಳಿಗೊಮ್ಮೆ ಅವಳ ಚಪ್ಪಲಿ ತಿನ್ನುತ್ತಿತ್ತು. ಮಣ್ಣಿಗೂ ರುಚಿಯುಂಟು ನೋಡಿ: ಒಂದು ಕಾಲಿನದನ್ನು ನುಂಗಿ, ಇನ್ನೊಂದನ್ನು ಹೊಸದರಂತೆ ಬಿಡುತ್ತಿತ್ತು. ಈಚೆಗಂತೂ ಅವಳಿಗಿಂತ ಮೊದಲು ಅವಳ ದಣಿವೇ ಬಸ್ಸಿಳಿದು ನಿಲ್ದಾಣದಲ್ಲಿ ಕಾಯುತ್ತಿತ್ತು.

ಫೋನಿನಲ್ಲಿದ್ದವನು ಡಾಕ್ಟರ್ ಶಿವಪ್ರಸಾದ. ಹೊಸ ಅಧಿಕಾರಿ, ಬಂದು ಎಂಟು ದಿನ. ಅವನು ಅವಳ ಪಾಲಿಗೆ ಇನ್ನೂ ಬರೀ ದನಿ. ಅವಳೂ ಅವನಿಗೆ ಅಷ್ಟೇ.

"ಸೋಮವಾರ ಗೊರೇಬಾಳಕ್ಕ ಹೋದ್ರಿ. ಮಂಗಳವಾರ ಅಲ್ಲೊಂದು ಕೂಸು ಎಡಗಾಲು ಎಳಿಯಾಕ ಹತ್ತಿತು. ಬುಧವಾರ ಮಸ್ಕಿ ಭಟ್ಟಿ, ಗುರುವಾರ ಅಲ್ಲೊಂದು. ನಿನ್ನಿ ಲಿಂಗಸುಗೂರು ಕಬ್ಬಿನವರ ಗುಡಿಸಲಿಗೆ ಹೋದ್ರಿ, ಇವತ್ತ ಅಲ್ಲೂ ಒಂದು. ನೀವು ಹೋಗದ ಕಡೆ ಒಂದೂ ಇಲ್ಲ."

"ಹೌದ್ರೀ ಸರ್."

"ರೋಗ ನಿಮ್ಮ ಜೋಡೀನ ಅಡ್ಡಾಡಾಕತ್ತೈತೇನ್ರೀ ಅಮ್ಮಾರ?"

ಕಸ್ತೂರೆಮ್ಮ ಹೆಗಲಿನ ಲಸಿಕೆ ಡಬ್ಬಿಯನ್ನು ತೊಡೆಯ ಮೇಲೆಳೆದುಕೊಂಡು ಮುಚ್ಚಳ ತೆರೆದಳು. ದೇಶದಿಂದ ತೊಲಗಿ ಹತ್ತು ವರ್ಷ ದಾಟಿದ ರೋಗ. ಒಂದು ಗುಡಿಸಲಿನ ಹೊಲಸನ್ನು ತನ್ನ ಕೈಯೇ ಇನ್ನೊಂದಕ್ಕೆ ಒಯ್ದಿದ್ದರೆ? ಡಬ್ಬಿಯೊಳಗಿನ ಐಸು ಕರಗಿ ಹನಿಗಳು ಬರೀ ನೀರಾಗಿದ್ದರೆ? ಶೀಶೆಗಳನ್ನು ಸಾವಿರ ಸಲ ತಿರುಗಿಸಿ ನೋಡಿದ್ದಳು. ಸಾವಿರ ಸಲವೂ ಸರಿಯಿದ್ದವು. ಆದರೂ ನಂಬಿಕೆ ಬರಲಿಲ್ಲ.

"ಲ್ಯಾಬಿನ ವರದಿ ಬರೂ ತನಕ, ನಾಳಿಯಿಂದ ಯಾವ ಗುಡಿಸಲಿಗೂ ಕಾಲಿಡಬ್ಯಾಡ್ರಿ. ತಪ್ಪು ನಿಮ್ಮದಾಗಿದ್ರ, ಈ ಕೆಲಸ ಮುಗೀತಂತ ತಿಳ್ಕೋರಿ."

"ನಾಳಿಯಿಂದ ಅಲ್ಲೇನ್ರೀ ಸರ್? ಇವತ್ತಿಂದು ಇನ್ನಾ ಉಳದೈತಿ."

ಲಿಂಗಸುಗೂರಿನ ತನಕ ಹೋಗದೆ, ಎರಡನೆಯ ಕೂಸಿದ್ದ ಮಸ್ಕಿಯಲ್ಲೇ ಇಳಿದಳು. ರಸ್ತೆಯಿಂದ ಭಟ್ಟಿಗೆ ಹತ್ತು ನಿಮಿಷದ ದಾರಿ. ಅವಳಿಗೆ ಅರ್ಧ ಗಂಟೆ ಹಿಡಿಯಿತು. ಬಿಸಿಲು ಹಾಗಿತ್ತು. ಒಲೆಯಿಲ್ಲದೆ ಇಟ್ಟಿಗೆ ಬೇಯುವಂಥದ್ದು.

ಭಟ್ಟಿಯ ಗುಮಾಸ್ತ ವೀರೇಶ ಆಣೆ ಮಾಡಿದ. ಇಲ್ಲಿನ ಕೂಸಿನ ಸುದ್ದಿಯನ್ನು ಆಸ್ಪತ್ರೆಗೆ ಫೋನು ಮಾಡಿ ತಿಳಿಸಿದವನು ಅವನೇ.

"ಸುಳ್ಳು ಹೇಳಿದ್ರ ನನ್ನ ಕಣ್ಣು ಹೋಗಲಿ ಅಕ್ಕಾರ. ಸಂಜಿಮುಂದ, ದೂರದಿಂದ ನೋಡೀನಿ. ಯಮನೂರಮ್ಮನ ಮಗಳು ಗಂಗಾ. ಆಸ್ಪತ್ರಿಯವರು ಬಂದಾಗ ಮಾತ್ರ ಜಿಂಕಿಮರಿ ಹಂಗ ಓಡಿದ್ಲು. ಅವ್ವಾ ಮಗಳು ಏನೋ ಮುಚ್ಚಾಕತ್ತಾರ."

ಯಮನೂರಮ್ಮ ಕೆಸರು ತುಳಿಯುತ್ತಿದ್ದಳು. ಕಸ್ತೂರೆಮ್ಮನನ್ನು ಕಂಡದ್ದೇ ತಲೆ ತಗ್ಗಿಸಿದಳು.

"ಮಗಳಿಗೆ ಏನೂ ಆಗಿಲ್ರೀ ಅಕ್ಕಾರ."

"ಮುಖ ನೋಡಿ ಹೇಳಬೇ."

ನೋಡಲಿಲ್ಲ.

"ಕೂಲಿ ತಪ್ಪತೈತಂತ ಮುಚ್ಚಿಡ್ತೀಯೇನು? ಹೋದ ಕಾಲು ವಾಪಸ್ ಬರಂಗಿಲ್ಲ, ತಿಳೀತಾ?"

ಯಮನೂರಮ್ಮನ ಕಣ್ಣು ತುಂಬಿದವು. "ನಿಮ್ಮ ಮುಂದ ಹೇಳೂ ಮಾತಲ್ರೀ ಅದು. ಕೈ ಮುಗೀತೀನಿ, ಕೇಳಬ್ಯಾಡ್ರಿ."

ಇಂಥ ಮಾತಿಗೆ ಕಲ್ಲಿಗೂ ಅನುಮಾನ ಹುಟ್ಟುತ್ತದೆ. ಕಸ್ತೂರೆಮ್ಮ ಹೊರಟವಳಂತೆ ಮಾಡಿ, ಹಸಿ ಇಟ್ಟಿಗೆಯ ಸಾಲಿನ ಹಿಂದೆ ಕುಕ್ಕರಿಸಿದಳು. ಕುಳಿತದ್ದೇ ತಡ, ಮೈಯ ಎಲುಬೆಲ್ಲ ಇನ್ನು ಏಳುವುದಿಲ್ಲ ಎಂದು ಮುಷ್ಕರ ಹೂಡಿದವು.

ಹೊತ್ತು ಇಳಿಯಿತು. ಮಕ್ಕಳ ದನಿ ಕೇಳಿಸಿತು. ಅವಳು ಇಟ್ಟಿಗೆಗಳ ಸಂದಿಯಲ್ಲಿ ಕಣ್ಣಿಟ್ಟಳು.

ಗಂಗಾ ಬಂದಳು. ನಾಲ್ಕು ವರ್ಷದ ಕೂಸು. ಎಡಗಾಲು ಎಳೆಯುತ್ತಿತ್ತು. ಅವಳ ಹಿಂದೆ ಇನ್ನೊಂದು ಮಗು, ಅದರ ಎಡಗಾಲೂ. ಅದರ ಹಿಂದೆ ಮತ್ತೊಂದು. ಏಳು ಮಕ್ಕಳು. ಏಳು ಎಡಗಾಲು.

ಕಸ್ತೂರೆಮ್ಮನ ಎದೆ ಬಡಿದ ಬಡಿತಕ್ಕೆ ಹಸಿ ಇಟ್ಟಿಗೆಗಳೇ ಬಿರುಕು ಬಿಟ್ಟಿರಬೇಕು. ಡಾಕ್ಟರಿಗೆ ಫೋನು ಹಚ್ಚಿದಳು. ಆ ಕಡೆಯಿಂದ "ಹಲೋ, ಹಲೋ" ಕೇಳಿಸಿತು. ಈ ಮಕ್ಕಳ ಬಾಯಿಗೆಲ್ಲ ಹನಿ ಹಾಕಿದ ಕೈ ತನ್ನದೇ. ಅವಳು ಜೋರಾಗಿ ಅತ್ತುಬಿಟ್ಟಳು.

ಅಳು ಕೇಳಿ ಯಮನೂರಮ್ಮ ಕೆಸರುಗಾಲಿನಲ್ಲೇ ಓಡಿಬಂದಳು. ಬಂದವಳು ಕೈಗೆ ಸಿಕ್ಕ ಬೆನ್ನಿಗೆಲ್ಲ ಒಂದೊಂದು ಬಿಗಿದಳು.

"ಬಿಡ್ರಲೇ ಹಾಳಾದವ್ರಾ! ಅಕ್ಕಾರು ಇಲ್ಲೇ ಅದಾರ, ಕಣ್ಣು ಕಾಣಂಗಿಲ್ಲೇನು? ಎಷ್ಟ ಸಲ ಹೇಳಬೇಕು, ಹಂಗ ಮಾಡಬಾರದಂತ!"

ಆರು ಮಕ್ಕಳು ಚಿಗರೆಗಳಂತೆ ಜಿಗಿದು, ಎರಡೂ ಕಾಲಿನ ಮೇಲೆ ನೆಟ್ಟಗೆ ನಿಂತವು. ಗಂಗಾ ಮಾತ್ರ ಹೆದರಲಿಲ್ಲ. ಹೆಗಲಿಗೆ ಜೋತುಬಿಟ್ಟಿದ್ದ ಖಾಲಿ ಡಬ್ಬಿ ಸರಿಮಾಡಿಕೊಂಡು, ಪಕ್ಕದ ಮಗುವಿನ ಗಲ್ಲ ಹಿಡಿದು, "ಬಾಯಿ ತೆರಿ ಬಂಗಾರಾ, ಎರಡ ಹನಿ" ಎಂದಳು.

ಆಮೇಲೆ ಎಡಮೊಣಕಾಲಿಗೆ ಅಂಗೈ ಒತ್ತಿಕೊಂಡು, ಮೂರರ ವಯಸ್ಸಿನಲ್ಲಿ ಪೋಲಿಯೋ ಬಡಿದಂದಿನಿಂದ ಕಸ್ತೂರೆಮ್ಮ ಹೇಗೆ ನಡೆಯುತ್ತಿದ್ದಳೋ ಹಾಗೆಯೇ, ಮುಂದಿನ ಮಗುವಿನ ಹತ್ತಿರ ನಡೆದಳು.