ಹೆಬ್ಬೆರಳಿನ ಗಂಟು

ಯಾವ ಕಾಲದ ಬಾಕ್ಸರ್ ದೊಡ್ಡವನು ಎಂಬ ಜಗಳ ಬಗೆಹರಿಯದೆ, ಕೋಲಾರದ ಚಿನ್ನದ ಗಣಿಯ ಊರಿನಲ್ಲಿ ಭಾನುವಾರಕ್ಕೊಮ್ಮೆ ಸತ್ತವರನ್ನು ಎಬ್ಬಿಸಿ ಕಣಕ್ಕಿಳಿಸುತ್ತಿದ್ದರು. ತಾನು ಸತ್ತಿದ್ದೇನೆಂದು ತಿಳಿದವನು ಮಾತ್ರ ಮತ್ತೆ ಏಳುತ್ತಿರಲಿಲ್ಲ. ಹಾಗೆ ಏಳುವವರಲ್ಲೊಬ್ಬನಾದ ತನ್ನ ಅಪ್ಪ ವಾರವಾರವೂ ಸಿಗಲಿ ಎಂದು, ಬಾಕ್ಸರುಗಳ ಕೈಗೆ ಬಟ್ಟೆಪಟ್ಟಿ ಸುತ್ತುವ ಮುದುಕಿ ಫಿಲೋಮಿನಾ ತಾನು ಮಗಳೆಂದು ಅವನೆದುರು ಬಾಯಿ ಬಿಡುತ್ತಿರಲಿಲ್ಲ.

“ಇವತ್ತೂ ಹೊಡೆದಾಡ್ಬೇಕಾ ಅಜ್ಜಿ? ಕೈ ಎತ್ತೋಕೇ ಆಗ್ತಿಲ್ಲ,” ಎಂದ, ಮೂವತ್ತು ದಾಟದ ಅಪ್ಪ.

ಅವಳು ಪಟ್ಟಿ ಸುತ್ತಿ, ಅವಳ ಎಳವೆಯಲ್ಲಿ ಅವನೇ ಕಲಿಸಿದ್ದ, ಇಷ್ಟು ವಾರವೂ ತಾನು ಹಾಕದಿದ್ದ ಗಂಟನ್ನು ಅವನ ಹೆಬ್ಬೆರಳಿಗೆ ಹಾಕಿದಳು.

ಅವನು ಗಂಟು ನೋಡಿದ. ಆಮೇಲೆ ಅವಳ ನರೆಗೂದಲು ನೋಡಿದ.

“ಫಿಲೋ... ಇಷ್ಟು ವಯಸ್ಸಾಯ್ತಾ ನಿಂಗೆ?”

ಗಂಟೆ ಹೊಡೆಯುವಷ್ಟರಲ್ಲಿ ಅವಳ ಮಡಿಲಲ್ಲಿ ಬೆಚ್ಚನೆಯ ಪಟ್ಟಿಯೊಂದೇ ಉಳಿದಿತ್ತು.

“ಹೆದರ್ಕೊಂಡ! ಓಡೋದ!” ಎಂದು ಹೊರಗೆ ಜನ ಕೂಗುತ್ತಿದ್ದರು.

ಕೂಗಲಿ, ಎಂದುಕೊಂಡಳು ಫಿಲೋಮಿನಾ. ಗಂಟು ಬಿಚ್ಚಲಿಲ್ಲ.